ಗಿರಣಿ ರಜೆಯಲ್ಲಿ ಅನುಮತಿಯಿಲ್ಲದೆ ತೂಕ ಏರಿಸಿಕೊಂಡ ಮಕ್ಕಳ ಬಗ್ಗೆ

ಸಂಖ್ಯೆ: ಶಾ.ಊ.ವಿ/ಗಂಜಿ/ತೂಕ/೪೭/೧೯೦೮
ಥಾರ್ನ್‌ಬೆಕ್ ಪುರಸಭೆ, ಯಾರ್ಕ್‌ಶೈರ್
ದಿನಾಂಕ: ೧೪ನೇ ಸೆಪ್ಟೆಂಬರ್ ೧೯೦೮

ವಿಷಯ: ಬಡ ಮಕ್ಕಳ ಶಾಲಾ ಊಟದಿಂದ ಊರಿನ ಬಡತನ ಎಷ್ಟು ಇಳಿದಿದೆ ಎಂಬುದನ್ನು ತಕ್ಕಡಿಯ ಮೂಲಕ ನಿರ್ಧರಿಸುವ ಕುರಿತು.

ಉಲ್ಲೇಖ: (ಅ) ಶಾಲಾ ಊಟದ ಕಾಯಿದೆ, ೧೯೦೬.
(ಆ) ಅಡುಗೆಯವರಾದ ಶ್ರೀಮತಿ ಟ್ಯಾಬಿತಾ ಮರ್ಗಟ್ರಾಯ್ಡ್ ಅವರಿಗೆ ನೀಡಿದ ಮೂರು ನೋಟಿಸುಗಳು.
(ಇ) ಸದರಿಯವರು ಅವುಗಳಿಂದ ಒಲೆ ಹೊತ್ತಿಸಿರುವುದು.

ಈ ಊರಿನಲ್ಲಿ ಬಡತನವನ್ನು ಇಳಿಸಲು ಇಲಾಖೆಯು ಹಗಲಿರುಳು ಶ್ರಮಿಸುತ್ತಿದ್ದು, ಕೆಲವು ಮಕ್ಕಳು ಸಹಕರಿಸದೆ ಇರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಎಂಟು ವರ್ಷದ ಮಗುವು ನಲವತ್ತೆಂಟು ಪೌಂಡಿಗಿಂತ ಕಡಿಮೆ ತೂಗಿದಲ್ಲಿ ಬಡ ಮಗು ಎಂದು ಪರಿಗಣಿಸತಕ್ಕದ್ದು. ನಲವತ್ತೆಂಟು ಮುಟ್ಟಿದ ಕ್ಷಣವೇ ಮಗುವು ಬಡತನದಿಂದ ಪಾರಾದಂತೆ. ಅದರ ಹೆಸರನ್ನು ಊಟದ ಪಟ್ಟಿಯಿಂದ ಹೊಡೆದುಹಾಕತಕ್ಕದ್ದು. ಊಟ ನಿಂತು ಮತ್ತೆ ಸೊರಗಿದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು. ಉಣ್ಣೆ ಗಿರಣಿಯ ಕೂಲಿ, ವಿಧವೆ ಶ್ರೀಮತಿ ಸಗ್ಡನ್ ಅವರ ಮಗಳು ಕೆಜಿಯಾ ಐದು ತಿಂಗಳಲ್ಲಿ ನಾಲ್ಕು ಬಾರಿ ಬಡತನದಿಂದ ಪಾರಾಗಿದ್ದಾಳೆ. ವಾರ್ಷಿಕ ವರದಿಯಲ್ಲಿ ಇದನ್ನು ನಾಲ್ಕು ಮಕ್ಕಳ ಉದ್ಧಾರ ಎಂದು ನಮೂದಿಸಲಾಗಿದೆ.

೨. ಪಟ್ಟಿಗೆ ಸೇರುವಾಗ ಮಗುವನ್ನು ಬರಿಗಾಲಿನಲ್ಲಿ ತೂಗತಕ್ಕದ್ದು. ಪಟ್ಟಿಯಿಂದ ಬಿಡಿಸುವಾಗ ಮರದ ಅಟ್ಟೆ, ಕಬ್ಬಿಣದ ಲಾಳವುಳ್ಳ ಬೂಟು ಹಾಕಿಸಿ ತೂಗತಕ್ಕದ್ದು. ಬೂಟಿನಿಂದ ಏರಿದ ತೂಕವೂ ಕಾಯಿದೆಯ ಸಾಧನೆಯೇ ಆಗಿರುತ್ತದೆ.

೩. ತಕ್ಕಡಿ ಹತ್ತುವ ಮುನ್ನ ಉಸಿರೆಲ್ಲ ಹೊರಗೆ ಬಿಡುವುದು, ಒಂಟಿಕಾಲಿನಲ್ಲಿ ನಿಲ್ಲುವುದು ಮತ್ತು ಅಳುವುದನ್ನು ನಿಷೇಧಿಸಲಾಗಿದೆ. ಅತ್ತದ್ದರಿಂದ ಉಂಟಾಗುವ ತೂಕನಷ್ಟಕ್ಕೆ ಇಲಾಖೆಯು ಹೊಣೆಯಲ್ಲ.

೪. ಹಸಿದ ಮಕ್ಕಳ ತಲೆಗೆ ಏಳರ ಮಗ್ಗಿ ಹತ್ತುವುದಿಲ್ಲ ಎಂದು ಶಾಲೆಯ ಕುಮಾರಿ ಇಲಿಂಗ್‌ವರ್ತ್ ಅವರು ದೂರಿರುತ್ತಾರೆ. ದೂರನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಮಗ್ಗಿಯನ್ನು ಆರಕ್ಕೆ ನಿಲ್ಲಿಸಲಾಗಿದೆ.

೫. ಆಗಸ್ಟಿನ ಗಿರಣಿ ರಜೆಯ ವಾರದಲ್ಲಿ ಗಿರಣಿಗೆ ಬೀಗ, ಆದ್ದರಿಂದ ಕೂಲಿಯಿಲ್ಲ. ಶಾಲೆಗೆ ಬೀಗ, ಆದ್ದರಿಂದ ಊಟವಿಲ್ಲ. ಆ ವಾರ ಪ್ರತಿ ಮಗುವೂ ಒಂದು ಪೌಂಡ್ ಇಳಿಯುವುದೆಂದು ಇಲಾಖೆಯು ಮುಂಚಿತವಾಗಿಯೇ ಶಾಯಿಯಲ್ಲಿ ಬರೆದಿಟ್ಟಿತ್ತು. ಆದರೆ ಮಕ್ಕಳು ಒಂದು ಪೌಂಡ್ ಏರಿ ಬಂದಿರುತ್ತಾರೆ. ಶಾಯಿಯಲ್ಲಿ ಬರೆದದ್ದನ್ನು ಕೆರೆಯುವುದು ಎಷ್ಟು ಕಷ್ಟವೆಂಬುದು ಕೆರೆದವರಿಗೇ ಗೊತ್ತು.

೬. ವಿಚಾರಣೆಯಲ್ಲಿ ಶ್ರೀಮತಿ ಮರ್ಗಟ್ರಾಯ್ಡ್ ಅವರು ನೀಡಿದ ಹೇಳಿಕೆಯನ್ನು ಅವರದೇ ಮಾತುಗಳಲ್ಲಿ ದಾಖಲಿಸಲಾಗಿದೆ: “ಗಿರಣಿಗೆ ರಜಾ ಕೊಟ್ರಿ, ಸ್ಕೂಲಿಗೆ ರಜಾ ಕೊಟ್ರಿ, ಹೊಟ್ಟೆಗೆ ರಜಾ ಕೊಡೋ ಕಾಯ್ದೆ ಎಲ್ಲಿದೆ, ತೋರ್ಸಿ ಸ್ವಾಮಿ? ಆ ಕೆಜಿಯಾ ಬಟ್ಟಲು ಹಿಡ್ಕೊಂಡು ಬಾಗ್ಲಲ್ಲಿ ನಿಂತಿತ್ತು. ರಜಾ ಕಣೇ ಅಂದೆ. ‘ಗೊತ್ತಜ್ಜಿ, ಬಟ್ಟಲು ತೊಳ್ದಿದೀನಿ ಅಂತ ತೋರ್ಸೋಕೆ ತಂದೆ’ ಅಂತು. ಅಯ್ಯೋ, ನನ್ ಕೈಲಾಗ್ಲಿಲ್ಲ. ಬೀಗ ತೆಗ್ದೆ, ಗಂಜಿ ಕಾಯ್ಸಿ ಸಿಹಿಗೆ ಅಂತ ಕಾಕಂಬಿ ಹುಯ್ದೆ. ಒಂದು ಬಂತು, ನಲ್ವತ್ತು ಬಂದ್ವು. ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ನಿಮ್ಮನ್ನ ನೋಡೇ ಹುಟ್ಟಿದ್ದು. ಬರ್ಕೊಳ್ಳಿ, ಬರ್ಕೊಳ್ಳಿ, ಅದನ್ನೂ ಬರ್ಕೊಳ್ಳಿ.” ಸದರಿ ಹೇಳಿಕೆಯಲ್ಲಿ ಇಲಾಖೆಗೆ ಸಂಬಂಧಿಸಿದ ಅಂಶ ಯಾವುದೂ ಕಂಡುಬಂದಿರುವುದಿಲ್ಲ.

೭. ದಾಖಲೆಯ ಪ್ರಕಾರ ಆ ವಾರ ಅಡುಗೆಮನೆ ಮುಚ್ಚಿತ್ತು. ಮುಚ್ಚಿದ ಅಡುಗೆಮನೆಯಲ್ಲಿ ಬೆಂದ ಗಂಜಿಯು ಗಂಜಿಯಲ್ಲ. ಆದಾಗ್ಯೂ ಮಕ್ಕಳ ತೂಕ ಏರಿರುವುದರಿಂದ, ಈ ಊರಿನ ಮಕ್ಕಳು ಊಟವಿಲ್ಲದೆಯೇ ಪುಷ್ಟಿಯಾಗುತ್ತಾರೆಂದು ನಿಸ್ಸಂದೇಹವಾಗಿ ಸಾಬೀತಾಗಿದೆ. ಈ ಕಾರಣದಿಂದ ಕೆಜಿಯಾ ಸಗ್ಡನ್ ಸೇರಿದಂತೆ ನಲವತ್ತು ಮಕ್ಕಳ ಊಟವನ್ನು ಈ ತಿಂಗಳ ೭ರಿಂದ, ಚಳಿಗಾಲ ಮುಗಿಯುವವರೆಗೆ, ನಿಲ್ಲಿಸಲಾಗಿದೆ. ಅಂದಿನಿಂದ ಥಾರ್ನ್‌ಬೆಕ್‌ನಲ್ಲಿ ಬಡತನ ಇರುವುದಿಲ್ಲ. ಉಳಿದಿರಬಹುದಾದ ಹಸಿವನ್ನು ಬೇರೆ ಇಲಾಖೆಗೆ ವರ್ಗಾಯಿಸಲಾಗುವುದು.

೮. ಅಡುಗೆಮನೆಯ ಕೀಲಿಕೈ ಒಪ್ಪಿಸುವಂತೆ ಕೇಳಲಾಗಿ, ಅದು ಗಂಜಿಯ ಹಂಡೆಗೆ ಬಿದ್ದಿದೆ, ತಳ ಕಂಡಾಗ ಸಿಗುತ್ತದೆ ಎಂದು ಶ್ರೀಮತಿ ಮರ್ಗಟ್ರಾಯ್ಡ್ ಅವರು ತಿಳಿಸಿರುತ್ತಾರೆ. ತಳ ಕಾಣುವ ದಿನಾಂಕವನ್ನು ಲಿಖಿತವಾಗಿ ತಿಳಿಸುವಂತೆ ಸೂಚಿಸಲಾಗಿದೆ. ಕೀಲಿಕೈ ತರಲು ಹೋದ ಜವಾನನು ಎರಡು ಗಂಟೆಯ ನಂತರ ಬರಿಗೈಯಲ್ಲಿ, ಮೀಸೆಯಲ್ಲಿ ಕಾಕಂಬಿಯೊಂದಿಗೆ ಮರಳಿರುವ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಲಿದೆ.

ಇದನ್ನು ತಪ್ಪದೆ ಪಾಲಿಸತಕ್ಕದ್ದು. ಪಾಲಿಸಲಾಗದವರು ಪಾಲಿಸಿರುವುದಾಗಿ ವರದಿ ಮಾಡತಕ್ಕದ್ದು.

(ಸಹಿ)
ಎನೋಕ್ ಥ್ವೇಟ್
ಅಧೀಕ್ಷಕರು, ತೂಕ ಮತ್ತು ಬಡತನ ವಿಭಾಗ

ಪ್ರತಿಗಳು:
೧. ಪುರಸಭೆಯ ಅಧ್ಯಕ್ಷರಿಗೆ, ಬಡತನ ನಿವಾರಣೆಯ ಅಭಿನಂದನಾ ಸಮಾರಂಭಕ್ಕೆ ದಿನ ಗೊತ್ತುಪಡಿಸುವ ಕೋರಿಕೆಯೊಂದಿಗೆ.
೨. ಕುಮಾರಿ ಇಲಿಂಗ್‌ವರ್ತ್ ಅವರಿಗೆ, ಆರರ ಮಗ್ಗಿಯವರೆಗೆ.
೩. ಶ್ರೀಮತಿ ಮರ್ಗಟ್ರಾಯ್ಡ್ ಅವರಿಗೆ, ಒದ್ದೆ ಕಾಗದದಲ್ಲಿ.
೪. ಶ್ರೀಮತಿ ಸಗ್ಡನ್ ಅವರಿಗೆ. ಮಗಳ ಊಟ ನಿಂತಿರುವ ಬಗ್ಗೆ ಕಳೆದ ವಾರ ಸದರಿಯವರಿಗೆ ಕಳುಹಿಸಿದ ನೋಟಿಸು, “ಮನೇಲಿ ಯಾರೂ ಇಲ್ಲ, ಊಟಕ್ಕೆ ಹೋಗಿದಾರೆ” ಎಂಬ ಅಂಚೆಯವನ ಷರಾದೊಂದಿಗೆ ವಾಪಸಾಗಿರುವುದರಿಂದ, ಈ ಪ್ರತಿಯನ್ನು ಅಡುಗೆಮನೆಯ ವಿಳಾಸಕ್ಕೇ ಕಳುಹಿಸಲಾಗಿದೆ.