ಬಸ್ಸು ಹತ್ತಿದ ಕೋಟು

ಸರಕಾರದ ಆದೇಶಗಳ ಮೇಲೆ ನನಗೆ ಅಪಾರ ಭಕ್ತಿಯಿದೆ; ಅವು ಬೇರೆಯವರಿಗೆ ಬಂದವಾದರೆ ಇನ್ನೂ ಹೆಚ್ಚು. ಪೆಟ್ರೋಲು ತುಟ್ಟಿಯಾಗಿದ್ದ ಆ ಎಪ್ಪತ್ತರ ದಶಕದಲ್ಲಿ, 'ಅಧಿಕಾರಿಗಳು ಸೋಮವಾರ ಜೀಪು ಮುಟ್ಟದೆ ಬಸ್ಸಿನಲ್ಲೇ ತಿರುಗಾಡತಕ್ಕದ್ದು' ಎಂಬ ಆದೇಶ ನನಗೇ ಬಂದಾಗ ಅದನ್ನು ಎರಡೆರಡು ಸಲ ಓದಿದೆ. ತಪ್ಪಿದವರ ಜೀಪು ಕಸಿದುಕೊಳ್ಳುತ್ತಾರಂತೆ! ವಿಜಾಪುರದ ಇಬ್ರಾಹಿಂಪುರದಲ್ಲಿ, ನಮ್ಮ ಓಣಿಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಬಾಗಿಲ ಮುಂದೆ ನಿಲ್ಲುತ್ತಿದ್ದ ಆ ಜೀಪಿನದೇ. ನನ್ನ ಹೆಂಡತಿಯಂತೂ ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಹಾಕಿ, ನೆರೆಯವರಿಗೆಲ್ಲ ಕೇಳಿಸುವಂತೆ, "ಜೀಪ್ ತಗೀಬ್ಯಾಡ್ರಿ, ಹಪ್ಪಳ ಇನ್ನಾ ಹಸೀ ಅದಾವ" ಎಂದು ಕೂಗುತ್ತಿದ್ದಳು.

ಮೊದಲ ಸೋಮವಾರವೇ ಟಿಕೋಟಾದಲ್ಲಿ ಸಭೆ. ಯಾರು ಬಸ್ಸಿನಿಂದ ಇಳಿಯುತ್ತಾರೆಂದು ನಮ್ಮ ಇಲಾಖೆಯ ದೊಡ್ಡ ಸಾಹೇಬರೇ ನೋಡುತ್ತಾರೆಂಬ ಸುದ್ದಿ ಬೇರೆ. ಬೆಳಿಗ್ಗೆ ಚಾಲಕ ಮೌಲಾಸಾಬ ಜೀಪು ತಂದು ನಿಲ್ಲಿಸಿದ. "ಬಸ್ ಸ್ಟ್ಯಾಂಡಿಗಿ ನೀವು ನಡಕೊಂತ ಹೋದ್ರ ಮಂದಿ ಏನಂದಾರ್ರಿ ಸಾಹೇಬ್ರ? ಹತ್ರಿ." ಹತ್ತಿದೆ. ಬಸ್ಸು ಹಿಡಿಯಲು ಜೀಪಿನಲ್ಲಿ ಹೋಗಬಾರದೆಂದು ಆದೇಶದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಟಿಕೋಟಾ ಮೇಲೆ ಹೋಗುವ ಕನಮಡಿ ಬಸ್ಸು ಬಂದದ್ದೇ ತಡ, ಜನ ಕಿಟಕಿಯಿಂದ ಒಳಗೆ ಟವೆಲ್ಲು, ರುಮಾಲು ಎಸೆದು ಸೀಟು ಹಿಡಿದರು. ನಮ್ಮ ಕಡೆ ಇದು ಕೋರ್ಟಿನ ತೀರ್ಪಿಗಿಂತ ಗಟ್ಟಿ. ಅರಿವೆ ಬಿತ್ತೆಂದರೆ ಸೀಟು ಅರಿವೆಯವನದೇ. ನಾನು ಕೋಟು ಬಿಚ್ಚಿ ಒಗೆದೆ. ಸೀಟು ಸಿಕ್ಕಿತಲ್ಲ, ಅಧಿಕಾರಿಯಾದವನು ಬಾಗಿಲಲ್ಲಿ ಮಂದಿಯ ಜೊತೆ ಗುದ್ದಾಡುವುದೇಕೆ ಎಂದು ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಿಂತೆ. ಚಹಾದ ಬಸಿಯಿಂದ ತಲೆ ಎತ್ತುವಷ್ಟರಲ್ಲಿ ನನ್ನ ಕೋಟು ಟಿಕೋಟಾಕ್ಕೆ ಹೊರಟುಹೋಗಿತ್ತು.

"ಮೌಲಾಸಾಬ, ಬಸ್ ಹೋತಲ್ಲೋ!"

"ಹೋದ್ರ ಹೋಗ್ಲಿ ಬರ್ರಿ, ತೊರವಿ ಹತ್ರ ಹಿಡೀತೀನಿ."

ಹಿಡಿದೇಬಿಟ್ಟ. ಬಸ್ಸನ್ನು ಹಿಂದೆ ಹಾಕಿ, ತೊರವಿಯಲ್ಲಿ ರಸ್ತೆಗೆ ಅಡ್ಡ ಜೀಪು ನಿಲ್ಲಿಸಿದ. ನಾನು ಕುಸ್ತಿ ಗೆದ್ದವನ ಹಾಗೆ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲಿ ನನ್ನ ಕೋಟೊಂದು ಆರಾಮಾಗಿ ಕೂತಿತ್ತು. ಪಕ್ಕದಲ್ಲಿದ್ದ ಅಜ್ಜಿ ಕೈಮಾಡಿ ಕರೆದಳು.

"ಬಾ ಯಪ್ಪಾ, ನಿನ್ನ ಸೀಟ್ ಯಾರಿಗೂ ಬಿಟ್ಟಿಲ್ಲ ನೋಡು. ಇಂವಾ ಕೂಡಾಕ ಬಂದಿದ್ದ. ಅರಿವಿ ಹಾಕಿದ್ದು ಕಣ್ಣಿಗಿ ಕಾಣಂಗಿಲ್ಲೇನೋ ಅಂತ ಬೈದು ನಿಂದರಿಸೀನಿ."

ಅವಳು ಬೆರಳು ಮಾಡಿದ ಕಡೆ ನೋಡಿದೆ. ಮೇಲಿನ ಸಲಾಕೆಗೆ ಜೋತುಬಿದ್ದು ನಿಂತವರು ದೊಡ್ಡ ಸಾಹೇಬರು! ಟಿಕೋಟಾದಲ್ಲಿ ಕಾಯುತ್ತಿರುತ್ತಾರೆಂದು ನಾನು ತಿಳಿದಿದ್ದೆ; ಅವರೋ, ಮಾದರಿಯಾಗಲೆಂದು ತಾವೇ ಬಸ್ಸು ಹತ್ತಿದ್ದರು. ಭೂಮಿ ಬಾಯಿ ಬಿಡಬಾರದೆ ಅನಿಸಿತು.

"ಕೂಡ್ರಿ," ಎಂದರು ಅವರು, ಕಿಟಕಿಯಾಚೆಯ ಜೀಪನ್ನೇ ನೋಡುತ್ತ. "ದೂರದಿಂದ ಬಂದೀರಿ."

"ನೀವ ಕೂಡ್ರಿ, ಸರ್."

"ಛೇ ಛೇ, ಅರಿವಿ ನಿಮ್ಮದು."

"ಇಬ್ರಾಗ ಒಬ್ರು ಕೂಡ್ರೋ, ಗಾಳಿ ಬರವಲ್ದು" ಎಂದು ಅಜ್ಜಿ ಗದರಿದಳು. ಯಾರೂ ಕೂಡಲಿಲ್ಲ. ಹಿಂದೆ ಮೌಲಾಸಾಬ ಟಿಕೋಟಾದವರೆಗೂ ನಿಷ್ಠೆಯಿಂದ ಹಾರ್ನ್ ಹೊಡೆಯುತ್ತ ಬಂದ.

ಮರುದಿನ ಜೀಪು ಹೋಯಿತು. ಹೆಂಡತಿ ಹಪ್ಪಳವನ್ನು ಮಾಳಿಗೆಯ ಮೇಲೆ ಒಣಹಾಕತೊಡಗಿದಳು. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೆ ನ್ಯಾಯವೆಂದರೆ ನ್ಯಾಯ. ಆ ಸೋಮವಾರ ವಿಜಾಪುರದಿಂದ ಟಿಕೋಟಾದವರೆಗೆ ಸರಕಾರದ ಆದೇಶವನ್ನು ಚಾಚೂತಪ್ಪದೆ ಪಾಲಿಸಿದವರು ನಮ್ಮ ಇಲಾಖೆಯಲ್ಲಿ ಇಬ್ಬರೇ: ದೊಡ್ಡ ಸಾಹೇಬರು, ಮತ್ತು ನನ್ನ ಕೋಟು.