ಯಶೋದಮ್ಮನವರ ಕಾರಿನ ಹಳದಿ ದೀಪ: ನೋಡುವವರಿಗೂ ಮುಟ್ಟುವವರಿಗೂ ನಿಯಮಗಳು

ಸಂಖ್ಯೆ: ಹ.ದೀ./ಇಂಜಿನ್/ಪಿ ೦೧೭೧/ಮತ್ತೊಮ್ಮೆ
ಸ್ಥಳ: ಆರ್‌ಪಿಸಿ ಲೇಔಟ್, ಗ್ಯಾರೇಜಿನ ಮುಂದಿನ ಕಲ್ಲುಬೆಂಚು
ದಿನಾಂಕ: ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ

ವಿಷಯ: ಅಳಿಸಿದರೂ ಅಳಿಯದ ಕೋಡ್ ಒಂದರ ವಿಚಾರಣೆ ಕುರಿತು.

ಉಲ್ಲೇಖ: (೧) ಸದರಿ ದೀಪ. (೨) ಅದೇ ದೀಪ, ಮಾರನೆಯ ದಿನ. (೩) ಗ್ಯಾರೇಜಿನ ಮಾಲೀಕರಾದ ಸಿದ್ದೇಶ್ ಅವರ ಮೌಖಿಕ ಭರವಸೆ: "ಇನ್ನು ಬರಲ್ಲ ಅಕ್ಕಾ, ಬಂದ್ರೆ ನನ್ನ ಕೇಳಿ."

ಪೀಠಿಕೆ:

ಕಾರ್ತಿಕದ ಚಳಿ ಆಗತಾನೇ ಹಿಡಿದಿತ್ತು. ಬುಧವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಬಳಿ ಕಾರಿನ ಡಿಕ್ಕಿ ತೆರೆದು ಇಡ್ಲಿ ಮಾರುವ ಯಶೋದಮ್ಮನವರ ಹದಿನಾರು ವರ್ಷದ ಕಾರಿನಲ್ಲಿ, ಸ್ಟೀರಿಂಗಿನ ಹಿಂದೆ, ಇಂಜಿನ್ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿರುತ್ತದೆ. ಮೊದಲ ಸಿಗ್ನಲ್ಲಿನಲ್ಲೇ ಗಾಡಿ ಆಫ್ ಆಗಿರುತ್ತದೆ. ಸಿದ್ದೇಶ್ ಅವರು ಸ್ಕ್ಯಾನರ್ ಚುಚ್ಚಿ ನೋಡಲಾಗಿ, ಪಿ ೦೧೭೧ ಎಂಬ ಕೋಡ್ ಬಂತು. ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಅಳಿಸಲಾಯಿತು. ಬಂತು. ಅಳಿಸಲಾಯಿತು. ಬಂತು. ಹೀಗೆ ಹನ್ನೆರಡು ದಿನ ನಡೆದಿರುತ್ತದೆ. ಅಷ್ಟೂ ದಿನ ಕಾರು ಗ್ಯಾರೇಜಿನಲ್ಲಿ, ಇಡ್ಲಿ ವ್ಯಾಪಾರ ಬಂದ್.

ಈ ನಡುವೆ, ನಿಲ್ದಾಣದ ಬಳಿ ದೋಸೆ ಗಾಡಿ ಇಟ್ಟಿರುವ ಬಾಳೇಶ ಎಂಬುವವರು ಯಶೋದಮ್ಮನವರಿಗೆ ಫೋನ್ ಮಾಡಿ, "ಅಕ್ಕಾ, ಯಾರೋ ಮೋಮೋ ಮಾರೋರು ಬಂದು ನಿಮ್ ಜಾಗ ಅಳತೆ ಮಾಡ್ಕೊಂಡ್ ಹೋದ್ರು. ಸೋಮವಾರ ಬೆಳಗ್ಗೆವರ್ಗೂ ನನ್ ಸ್ಕೂಟ್ರು ಅಡ್ಡ ನಿಲ್ಸಿರ್ತೀನಿ, ಆಮೇಲೆ ನನ್ ಕೈಲಾಗಲ್ಲ" ಎಂದು ತಿಳಿಸಿರುತ್ತಾರೆ. ಹನ್ನೊಂದು ವರ್ಷ ನಿಂತ ಜಾಗ. ಆದರೆ ಜಾಗ ಎಂಬುದು ಇಂಜಿನ್ನಿನ ಭಾಗವಲ್ಲವಾದ್ದರಿಂದ ವಿಚಾರಣಾ ಇಲಾಖೆಯು ಅದನ್ನು ಗಮನಿಸಿಲ್ಲ.

ಆದ್ದರಿಂದ ಸಂಬಂಧಪಟ್ಟವರಿಗೂ, ಸಂಬಂಧವಿಲ್ಲದೆ ಬಾನೆಟ್ಟಿನೊಳಗೆ ತಲೆ ಹಾಕುವವರಿಗೂ ಈ ಮೂಲಕ ಸೂಚಿಸಲಾಗಿದೆ:

೧. ದೀಪ ಹತ್ತಿದ ಕೂಡಲೇ ಒಂದು ಭಾಗವನ್ನು ಬದಲಿಸತಕ್ಕದ್ದು. ಯಾವ ಭಾಗ ಎಂಬುದು ಆಮೇಲಿನ ಮಾತು. ಈವರೆಗೆ ಆಕ್ಸಿಜನ್ ಸೆನ್ಸರ್, ನಾಲ್ಕು ಪ್ಲಗ್, ಏರ್ ಫಿಲ್ಟರ್ ಮತ್ತು ಪೆಟ್ರೋಲ್ ಪಂಪನ್ನು ಬದಲಿಸಲಾಗಿದೆ. ತೆಗೆದುಹಾಕಿದ ಯಾವ ಭಾಗವೂ ಕೆಟ್ಟಿರಲಿಲ್ಲವೆಂದು ಕಂಡುಬಂದಿದ್ದು, ಮೊದಲೇ ತಿಳಿಸದಿದ್ದುದು ಆ ಭಾಗಗಳ ತಪ್ಪೆಂದು ತೀರ್ಮಾನಿಸಲಾಗಿದೆ.

೨. ಕೋಡ್ ಎಂಬುದು ಎಲ್ಲಿ ನೋವು ಅಂತ ಹೇಳುತ್ತದೆಯೇ ಹೊರತು ಯಾಕೆ ನೋವು ಅಂತ ಹೇಳುವುದಿಲ್ಲ ಎಂದು ಯಾರೂ ಹೇಳಕೂಡದು. ಅದೇ ಗ್ಯಾರೇಜಿನ ಹಳೆಯ ಮೆಕ್ಯಾನಿಕ್ ಹನುಮಯ್ಯನವರು ಎರಡು ಸಲ ಹೇಳಿರುತ್ತಾರೆ. ಅದಕ್ಕೆ ಸಿದ್ದೇಶ್ ಅವರು, "ಮಿಷನ್‌ಗಿಂತ ನಿಮ್ಗೆ ಜಾಸ್ತಿ ಗೊತ್ತಾ ತಾತ? ಸುಮ್ನೆ ಟೀ ಕುಡೀರಿ" ಎಂದು ಉತ್ತರಿಸಿರುತ್ತಾರೆ. ಹನುಮಯ್ಯನವರು ಕುಡಿದಿರುತ್ತಾರೆ.

೩. ಗಾಡಿಯ ಮಾಲೀಕರು ತಮ್ಮ ಗಾಡಿಯ ಸದ್ದನ್ನು ಕೇಳಿಸಿಕೊಳ್ಳುವಂತಿಲ್ಲ. ಯಶೋದಮ್ಮನವರು ಮೊದಲನೆಯ ದಿನವೇ, "ಒಳಗಡೆ ಉಸ್ ಅಂತಿದೆ ಕಣಪ್ಪ. ಇಡ್ಲಿ ಪಾತ್ರೆ ಮುಚ್ಚಳ ಸರಿಯಾಗಿ ಕೂತಿಲ್ದಾಗ ಆವಿ ಸೋರುತ್ತಲ್ಲ, ಅದೇ ಸದ್ದು" ಎಂದು ಹೇಳಿಕೆ ಕೊಟ್ಟಿದ್ದರು. ಇಡ್ಲಿ ಪಾತ್ರೆಗೆ ಸ್ಕ್ಯಾನರ್ ಚುಚ್ಚುವ ತೂತು ಇಲ್ಲದಿರುವುದರಿಂದ ಸದರಿ ಹೇಳಿಕೆಯನ್ನು ದಾಖಲಿಸಿಕೊಂಡಿಲ್ಲ. ಇನ್ನು ಮುಂದೆ ಕೇಳಿಸಲೇಬೇಕೆಂದಿದ್ದಲ್ಲಿ ಎರಡು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು, ಕಿವಿಗೊಂದರಂತೆ.

೪. ಬೆಳಗಿನ ವಾಕಿಂಗ್ ಹೋಗುವವರು ದಿನಕ್ಕೆ ಒಂದೇ ಅಭಿಪ್ರಾಯ ಕೊಡಬಹುದು. ಪಕ್ಕದ ರಸ್ತೆಯ ನಿವೃತ್ತ ನೌಕರರಾದ ಪದ್ಮನಾಭ ಅವರು ಒಂದೇ ಬೆಳಗ್ಗೆ "ಎಥನಾಲ್ ಕಣ್ರೀ, ಎಲ್ಲಾ ಎಥನಾಲ್," "ಇಲಿ ವೈರ್ ಕಡಿದಿದೆ ನೋಡಿ," "ಮಾರ್ಬಿಡಿ ಯಶೋದಮ್ಮ, ನಾನಾಗಿದ್ರೆ ಯಾವತ್ತೋ ಮಾರ್ತಿದ್ದೆ" ಎಂಬ ಮೂರು ಅಭಿಪ್ರಾಯಗಳನ್ನು ಮಂಕಿ ಟೋಪಿಯನ್ನೂ ತೆಗೆಯದೆ ಕೊಟ್ಟಿರುತ್ತಾರೆ. ಅವರ ಬಳಿ ಕಾರು ಇರುವುದಿಲ್ಲ. ಹಿಂದೆಯೂ ಇರಲಿಲ್ಲ.

೫. ಕಾರ್ಬುರೇಟರ್ ಕಾಲದ ಗಾಡಿಗಳಲ್ಲಿ ಈ ದೀಪವೇ ಇರಲಿಲ್ಲ. ಗಾಡಿ ನಿಂತರೆ, ನಿಂತಿದೆ ಅಂತ ಒಳಗೆ ಕೂತವರಿಗೇ ಗೊತ್ತಾಗುತ್ತಿತ್ತು. ಅಂತಹ ಹಿಂದುಳಿದ ಪದ್ಧತಿಗೆ ಮರಳುವ ಪ್ರಸ್ತಾವನೆ ಇಲಾಖೆಯ ಮುಂದೆ ಇರುವುದಿಲ್ಲ. ಆದರೆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವ ವಿಧಾನವು ತೃಪ್ತಿಕರವೆಂದು ಕಂಡುಬಂದಿದ್ದು, ಇತರೆ ಸಮಸ್ಯೆಗಳಿಗೂ ವಿಸ್ತರಿಸಲು ಪರಿಶೀಲಿಸಲಾಗುತ್ತಿದೆ.

೬. ನಿನ್ನೆ ಭಾನುವಾರ ಮಧ್ಯಾಹ್ನದ ಘಟನೆಯ ಬಗ್ಗೆ. ಹನುಮಯ್ಯನವರು ಟೀ ಲೋಟ ಕೆಳಗಿಟ್ಟು, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ, ಒಂದು ಊದುಬತ್ತಿ ಹಚ್ಚಿ, ಪ್ರತಿಯೊಂದು ರಬ್ಬರ್ ಪೈಪಿನ ಉದ್ದಕ್ಕೂ ನಿಧಾನವಾಗಿ ಹಿಡಿಯುತ್ತಾ ಹೋದರು. ಪೈಪು ಎಲ್ಲಿ ಬಿರಿದಿದೆಯೋ ಅಲ್ಲಿ ಇಂಜಿನ್ನು ಗಾಳಿಯ ಜೊತೆ ಹೊಗೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಇದನ್ನು ಅವರು ಯಾರಿಗೂ ವಿವರಿಸಲಿಲ್ಲ. ಮೊದಲು ಚಪ್ಪಲಿ ಬಿಟ್ಟವರು ಪದ್ಮನಾಭ ಅವರು. ನೋಡನೋಡುತ್ತ ಹದಿನೈದು ಜನ ಕೈಮುಗಿದು ನಿಂತರು. ತೆಂಗಿನಕಾಯಿ ಬಂತು. "ಗೋತ್ರ ಯಾವ್ದು ಹೇಳ್ಬೇಕು, ಗಾಡೀದಾ, ಯಜಮಾನ್ತೀದಾ?" ಎಂದು ಪದ್ಮನಾಭ ಅವರು ವಿಚಾರಿಸಿದರು. "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾಮಿ, ಹೊಗೆ ಅಲ್ಲಾಡ್ತದೆ" ಎಂದು ಹನುಮಯ್ಯನವರು ಹೇಳಿದ್ದನ್ನು ಶಾಸ್ತ್ರವೆಂದು ಭಾವಿಸಿ ಎಲ್ಲರೂ ಭಕ್ತಿಯಿಂದ ಪಕ್ಕಕ್ಕೆ ಸರಿದರು. ಇಂಜಿನ್ನಿನ ಹಿಂಬದಿಯ ಬೆರಳುದ್ದದ ಪೈಪಿನ ಬಳಿ ಹೊಗೆ ಗಕ್ಕನೆ ಬಾಗಿ ಒಳಗೆ ಹೋಯಿತು. ಹನುಮಯ್ಯನವರು ನೋಡಿದರು. ಯಶೋದಮ್ಮನವರು ನೋಡಿದರು. ಉಳಿದವರು ಕಣ್ಣು ಮುಚ್ಚಿದ್ದರು.

೭. ಕಾಯಿಚೂರು ಹಂಚುವ ಗಲಾಟೆಯಲ್ಲಿ ಹನುಮಯ್ಯನವರು ಸದರಿ ಪೈಪನ್ನು ಕಿತ್ತು, ಹೊಸದೊಂದು ತುಂಡು ಕತ್ತರಿಸಿ ಹಾಕಿ, ಎರಡು ಕಡೆ ಕ್ಲಿಪ್ ಬಿಗಿದಿರುತ್ತಾರೆ. ಉಸ್ ಎನ್ನುವುದು ನಿಂತಿತು. ಸಿದ್ದೇಶ್ ಅವರು ರೂಢಿಯಂತೆ ಕೋಡ್ ಅಳಿಸಿದರು. ನಂದಿನಿ ಲೇಔಟ್‌ವರೆಗೆ ಹೋಗಿ ಬಂದರೂ ದೀಪ ಬರಲಿಲ್ಲ. ಇದು ಪೂಜೆಯ ಫಲವೆಂದು ಇಲಾಖೆಯು ಸರ್ವಾನುಮತದಿಂದ ಅಂಗೀಕರಿಸಿದೆ. ವಿಚಾರಣೆ ಬಾಕಿ ಇರುವ ವಾಹನವನ್ನು ರಿಪೇರಿ ಮಾಡಿದ್ದು ಗಂಭೀರ ಕರ್ತವ್ಯಲೋಪವಾದ್ದರಿಂದ, ಹನುಮಯ್ಯನವರ ಮೇಲೆ ಶಿಸ್ತುಕ್ರಮ ಯಾಕೆ ಜರುಗಿಸಬಾರದು ಎಂದು ಕಾರಣ ಕೇಳಲಾಗಿದೆ.

೮. ಇನ್ನು ಮುಂದೆ ಯಾವುದೇ ಕೋಡ್ ಬಂದಲ್ಲಿ ಪೆಟ್ರೋಲ್ ಗಾಡಿಗೆ ಮೂರು ಸುತ್ತು, ಡೀಸೆಲ್ ಗಾಡಿಗೆ ಐದು ಸುತ್ತು ಊದುಬತ್ತಿ ಬೆಳಗತಕ್ಕದ್ದು. ಎಲೆಕ್ಟ್ರಿಕ್ ಗಾಡಿಯವರು ಮನಸ್ಸಿನಲ್ಲೇ ಬೆಳಗಿಕೊಳ್ಳಬಹುದು. ಈ ಸಮಯದಲ್ಲಿ ಎಲ್ಲರೂ ಕಡ್ಡಾಯವಾಗಿ ಕಣ್ಣು ಮುಚ್ಚಿರಬೇಕು. ಹೊಗೆ ಯಾವ ಕಡೆಗೆ ಹೋಗುತ್ತಿದೆ ಅಂತ ಕಣ್ಣುಬಿಟ್ಟು ನೋಡಿದವರ ವಿರುದ್ಧ ಕ್ರಮ ಕೈಗೊಳ್ಳಲಾಗುವುದು.

೯. ದೀಪದ ಮೂಲ ಕಾರಣ ಪತ್ತೆಯಾಗುವವರೆಗೆ ವಿಚಾರಣೆ ಮುಂದುವರಿಯುವುದು. ದೀಪ ಇಲ್ಲದಿರುವುದಾಗಲೀ, ಕಾರೇ ಇಲ್ಲದಿರುವುದಾಗಲೀ ವಿಚಾರಣೆಗೆ ಅಡ್ಡಿಯಾಗತಕ್ಕದ್ದಲ್ಲ.

ಸಹಿ/-
(ಸಹಿ ಮಾಡಬೇಕಾದ ಅಧಿಕಾರಿಗಳು ದೀಪಾಂಜಲಿ ನಗರದಲ್ಲಿ ಇಡ್ಲಿ ಸಾಲಿನಲ್ಲಿ ನಿಂತಿರುವುದರಿಂದ ಅವರ ಪರವಾಗಿ)
ವಿಚಾರಣಾ ಇಲಾಖೆ

ಪ್ರತಿಗಳು:
೧. ಸಿದ್ದೇಶ್ ಅವರಿಗೆ, ಗ್ಯಾರೇಜಿನ ಬಾಗಿಲಿಗೆ ಅಂಟಿಸಲು.
೨. ಪದ್ಮನಾಭ ಅವರಿಗೆ, ಮಾಹಿತಿಗಾಗಿ ಮಾತ್ರ. ಅಭಿಪ್ರಾಯಕ್ಕಾಗಿ ಅಲ್ಲ.
೩. ಕಚೇರಿ ಕಡತಕ್ಕೆ. ಕಡತ ಇನ್ನೂ ತೆರೆದಿಲ್ಲ.
೪. ಯಶೋದಮ್ಮನವರಿಗೆ. ಜಾರಿಯಾಗಿಲ್ಲ. ಸೋಮವಾರ ಬೆಳಗ್ಗೆ ಐದೂ ಮುಕ್ಕಾಲಿಗೆ ಕಾರು ತೆಗೆದುಕೊಂಡು ಹೊರಟುಹೋಗಿರುತ್ತಾರೆ.
೫. ಹನುಮಯ್ಯನವರಿಗೆ. ಜಾರಿಯಾಗಿಲ್ಲ. ಅದೇ ಸೋಮವಾರ, ಅದೇ ಕಾರು, ಪಕ್ಕದ ಸೀಟು.