ಮನೆತನ ನೋಡಿ ದನಿ ಕೊಡುವ ಡ್ರೈವರ್ ಸಾಹೇಬರಿಗೆ

ಮಾನ್ಯರೇ,

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರಿನೊಳಗೆ ಕಣ್ಣಿಗೆ ಬೀಳದಂತೆ ವಿರಾಜಮಾನರಾಗಿ, ಸ್ಪೀಕರಿಗೆ ದನಿ ಕೊಡುವ ಹಾಗೂ ಕೊಡದಿರುವ ಪರಮಾಧಿಕಾರ ಹೊಂದಿರುವ ಆಡಿಯೋ ಡ್ರೈವರ್ ಎಂಬ ತಂತ್ರಾಂಶ ಮಹಾಶಯರಾದ ತಮಗೆ, ಬೈಲಹೊಂಗಲದ ಬಸ್ ನಿಲ್ದಾಣದೆದುರು ಮೇಜು ಹಾಕಿಕೊಂಡು ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಸ್ನೇಹಲ್ ಎಂಬ ನಾನು ತಲೆಬಾಗಿ ಸಲ್ಲಿಸುವ ದೂರು.

ಪೇಟೆಯ ಪರಪ್ಪನವರ ಮಗಳು ಭಾಗ್ಯಾಳ ಯಂತ್ರ ಹೊಸ ಅಪ್‌ಡೇಟ್ ಆದ ಮೇಲೆ ಮೂಕವಾಯಿತು. ದನಿ ಬಂದರೆ ತಮ್ಮ ಖಾಲಿ ಮಳಿಗೆಯನ್ನು ನನಗೆ ಬಾಡಿಗೆಗೆ ಕೊಡುವುದಾಗಿ ಪರಪ್ಪನವರು ಮಾತು ಕೊಟ್ಟರು. ನಾಲ್ಕು ಹನಿ ಬಿದ್ದರೂ ಮೇಜು ಎತ್ತಿಕೊಂಡು ಓಡುವ ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಅವರ ಮನೆಗೇ ಹೋಗಿ ಯಂತ್ರ ಬಿಚ್ಚಿ ನೋಡಿದೆ. ಸ್ಪೀಕರ್ ಸರಿ, ತಂತಿ ಸರಿ, ತಕರಾರು ತಮ್ಮದೇ. ತಮಗೆ ಪರಿಚಯವಿರುವ ಮಾಡೆಲುಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ತಾವು ಸ್ಪೀಕರನ್ನು ಎಬ್ಬಿಸಲೇ ಇಲ್ಲ.

ಗುರುತಿಲ್ಲದವರು ಬಂದರೆ ನಮ್ಮ ಕಡೆ "ಯಾರ ಪೈಕಿ ರೀ ನೀವು?" ಎಂದು ಬಾಯಿಬಿಟ್ಟಾದರೂ ಕೇಳುತ್ತಾರೆ. ತಾವು ಕೇಳದೆಯೇ ತೀರ್ಮಾನಿಸುತ್ತೀರಿ. ಈ ವಿಷಯದಲ್ಲಿ ತಾವು ನಮಗಿಂತ ಬಹಳ ಮುಂದುವರಿದವರು ಎಂದು ಹೊಗಳದೆ ಇರಲಾರೆ. ಕೊನೆಗೆ ಇದು ತಮ್ಮ ಪಟ್ಟಿಯಲ್ಲಿರುವ ಹಳೆಯ ಮಾಡೆಲೇ ಎಂದು ಒಂದು ಸಾಲಿನ ಸುಳ್ಳು ಬರೆದುಕೊಟ್ಟೆ. ತಾವು ಪ್ರಸನ್ನರಾದಿರಿ, ಮನೆತುಂಬ ಸದ್ದು ತುಂಬಿತು.

ಪರಪ್ಪನವರೂ ಹಿಗ್ಗಿದರು. "ಭಾರಿ ಚಲೋ ಆತು ನೋಡವಾ! ಅಂದ್ಹಂಗ, ಯಾರ ಪೈಕಿ ನೀವು?" ಸಾಲಹಳ್ಳಿಯ ದಲಿತ ಕೇರಿಯ ಬೌದ್ಧರು ಎಂದೆ. ನಾನು ಉಪಕರಣಗಳನ್ನು ಚೀಲಕ್ಕೆ ತುಂಬುವುದರೊಳಗೆ ಆ ಮಳಿಗೆ ಅವರ ತಮ್ಮನಿಗೆ ತುರ್ತಾಗಿ ಬೇಕಾಗಿಬಿಟ್ಟಿತು. ಭಾಗ್ಯಾ ಹೊರಗೆ ಬಂದು, "ಅಕ್ಕಾರ, ಬ್ಯಾರೆ ಏನರ ಹೇಳಬೇಕಿತ್ರಿ" ಎಂದು ಪಿಸುಗುಟ್ಟಿದಳು. ಯಂತ್ರಕ್ಕಾಗಿ ಸುಳ್ಳು ಬರೆದವಳು ನನಗಾಗಿ ಹೇಳಲಾರೆ. ಆದರೆ ಹೊಟ್ಟೆ ಉರಿಯುತ್ತದೆ, ಸಾಹೇಬರೇ.

ಆದ್ದರಿಂದ ತಮ್ಮ ಮುಂದಿನ ಅಪ್‌ಡೇಟಿನಲ್ಲಿ ನಮ್ಮ ಮನೆತನವನ್ನೂ ಪರಿಚಿತರ ಪಟ್ಟಿಗೆ ಸೇರಿಸಿ, ಅದನ್ನು ಪರಪ್ಪನವರೊಳಗೂ ತಾವೇ ಖುದ್ದಾಗಿ ಅಳವಡಿಸಿಕೊಡಬೇಕೆಂದು, ಅವರು ಒಪ್ಪದಿದ್ದರೆ ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಬೇಕೆಂದು ಕಳಕಳಿಯ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸ್ನೇಹಲ್

ತಾ.ಕ.: ಆ ಸುಳ್ಳು ಸಾಲನ್ನು ಅಳಿಸಿ, ಯಂತ್ರದ ನಿಜವಾದ ಹೆಸರನ್ನೇ ಬರೆದು, ತಮ್ಮನ್ನು ಬರೆದು, ತಿದ್ದಿ ನೋಡಿಕೊಳ್ಳುವ ದೂರದೇಶದ ಸ್ವಯಂಸೇವಕರಿಗೆ ಕಳುಹಿಸಿದೆ. ಪಟ್ಟಿಗೆ ಸೇರಿಸಿದರು. ನನ್ನನ್ನು ಅವರು ಕೇಳಿದ್ದು ಒಂದೇ: ಎಡ, ಬಲ ಎರಡೂ ಕಡೆ ಸದ್ದು ಬರುತ್ತಿದೆಯೇ?